ಅಳಿಸಿದ ಪತ್ರಗಳೂ ನ್ಯಾಯಸ್ಥಾನವೂ

ಈ ಸಂಚಿಕೆಗೆ ಏನನ್ನು ಬರೆಯಬೇಕೆಂದು ಆಲೋಚಿಸುತ್ತಿರುವಾಗ, ಕೆಲವು ವರ್ಷಗಳ ಕೆಳಗೆ ನಮಗೆ ಬಂದ ಒಂದು ಸಮನ್ಸು ನೆನಪಿಗೆ ಬಂದಿತು. ಒಂದು ಆಸ್ತಿಯ ವ್ಯಾಜ್ಯದಲ್ಲಿ ಒಬ್ಬಾಕೆಯ ಜನನ ತಾರೀಖು ಗೊತ್ತಾಗಬೇಕಾಗಿದ್ದುದರಿಂದ, ಶಾಲೆಯ ಹಳೆಯ ಅಡ್ಮಿಷನ್ ರಿಜಿಸ್ಟರನ್ನು ಖುದ್ದಾಗಿ ತಂದು ಹಾಜರುಪಡಿಸಬೇಕೆಂದು ನಮಗೆ ಅಪ್ಪಣೆಯಾಗಿತ್ತು. ನಾವು ಆ ದಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕಟಕಟೆಯಲ್ಲಿ ನಿಂತೆವು. ಎದುರು ಪಕ್ಷದ ವಕೀಲರು ಮೊದಲು ನೋಡಿದ್ದು ಜನನ ತಾರೀಖನ್ನಲ್ಲ, ಅದೇ ಪುಟದಲ್ಲಿದ್ದ ಒಂದು ತಿದ್ದುಪಡಿಯನ್ನು. ನಮಗಿಂತ ಬಹಳ ಹಿಂದೆ ಇದ್ದ ಒಬ್ಬ ಮುಖ್ಯೋಪಾಧ್ಯಾಯಿನಿಯವರು ತಪ್ಪಾದ ಬರೆಹದ ಮೇಲೆ ಕೆಂಪು ಶಾಯಿಯಿಂದ ಒಂದೇ ಗೆರೆಯನ್ನೆಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ರುಜುವನ್ನೂ ತಾರೀಖನ್ನೂ ಹಾಕಿದ್ದರು. ಹೊಡೆದುಹಾಕಿದ ಅಕ್ಷರಗಳೂ ಓದುವುದಕ್ಕೆ ಬರುತ್ತಿದ್ದವು. ಅದನ್ನು ಕಂಡ ಮೇಲೆ ಆ ಪುಸ್ತಕದ ವಿಷಯವಾಗಿ ಅವರು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಈಗ ಅಂಥ ಪುಸ್ತಕಗಳು ಕಡಮೆಯಾಗಿರುವವು. ಹಾಜರಿ, ಫೀಸು, ಪತ್ರವ್ಯವಹಾರ ಎಲ್ಲವೂ ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ನಡೆಯುತ್ತವೆ. ಅಲ್ಲಿ ಕೆಂಪು ಶಾಯಿಯಿಲ್ಲ. ಬೆರಳಿನಿಂದ ಒಂದು ಸಲ ಒತ್ತಿದರೆ ಬರೆದದ್ದು ಕಣ್ಣಿಗೆ ಮರೆಯಾಗುತ್ತದೆ. ಇದರಿಂದುಂಟಾಗುವ ಕಷ್ಟವನ್ನು ನಾವು ಅರಿತುಕೊಂಡದ್ದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮೂಲಕ. ಅವಳು ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಅವಳ ಮೇಲಧಿಕಾರಿಯು ರಾತ್ರಿ ವೇಳೆಯಲ್ಲಿ ಫೋನಿಗೆ ಅಯೋಗ್ಯವಾದ ಸಂದೇಶಗಳನ್ನು ಕಳುಹಿಸುತ್ತಿದ್ದನು. ಮನೆಯವರು ಯಾರಾದರೂ ನೋಡಿಯಾರೆಂಬ ನಾಚಿಕೆಯಿಂದ ಅವಳು ಅವುಗಳನ್ನು ಬಂದ ಹಾಗೆಯೇ ಅಳಿಸಿಬಿಡುತ್ತಿದ್ದಳು. ಕಡೆಗೆ ಧೈರ್ಯ ತಂದುಕೊಂಡು ದೂರು ಕೊಟ್ಟಾಗ ತೋರಿಸುವುದಕ್ಕೆ ಅವಳ ಕೈಯಲ್ಲಿ ಏನೂ ಇರಲಿಲ್ಲ; ಆತನಾದರೋ ತಾನು ಮರ್ಯಾದೆಯಾಗಿ ಬರೆದ ನಾಲ್ಕು ಪತ್ರಗಳನ್ನು ಜೋಪಾನವಾಗಿಟ್ಟುಕೊಂಡು ಮುಂದಿಟ್ಟನು. ಅವಳು ನಮ್ಮ ಬಳಿಗೆ ಬಂದು, “ಟೀಚರ್, ಅಳಿಸಿದ್ದು ಅಳಿಸಿಯೇ ಹೋಯಿತೇ?” ಎಂದು ಕೇಳಿದಳು. ಆ ದಿವಸ ನಮಗೆ ಉತ್ತರ ತಿಳಿದಿರಲಿಲ್ಲ. ಅಂದಿನಿಂದ ಓದಿಯೂ ತಿಳಿದವರನ್ನು ಕೇಳಿಯೂ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಡಿಸ್ಕವರಿ ಎಂದು ವಕೀಲರು ಕರೆಯುವ ಪದ್ಧತಿಯನ್ನು ತಿಳಿಯಬೇಕು. ವ್ಯಾಜ್ಯದಲ್ಲಿ ಒಬ್ಬನು ತನಗೆ ಅನುಕೂಲವಾದ ಕಾಗದಗಳನ್ನು ತಾನೇ ತರುವನು, ಅದು ಸಹಜ. ಆದರೆ ತನಗೆ ಪ್ರತಿಕೂಲವಾದ ಕಾಗದಗಳನ್ನೂ ಎದುರು ಪಕ್ಷದವರು ಕೇಳಿದರೆ ಬಚ್ಚಿಡದೆ ತೋರಿಸಬೇಕೆಂಬುದೇ ಈ ಪದ್ಧತಿಯ ಸಾರ. ಇದು ಇಂಗ್ಲೆಂಡಿನ ನ್ಯಾಯಪದ್ಧತಿಯಿಂದ ಬಂದದ್ದು. ನಮ್ಮ ದೇಶದಲ್ಲಿಯೂ 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ ಹನ್ನೊಂದನೆಯ ಆದೇಶದಲ್ಲಿ ಇದಕ್ಕೆ ಅವಕಾಶವುಂಟು. ಅಮೆರಿಕದಲ್ಲಿ ಇದು ಬಹು ವಿಸ್ತಾರವಾಗಿ ಬೆಳೆದಿದೆ. ಕಾಗದದ ಕಾಲದಲ್ಲಿ ಇದರ ಅರ್ಥ ಕೆಲವು ಬೀರುಗಳನ್ನು ತೆರೆಯುವುದಾಗಿತ್ತು. ಪತ್ರಗಳು ಕಂಪ್ಯೂಟರಿಗೆ ಸೇರಿದ ಮೇಲೆ ಒಂದು ಸಾಧಾರಣ ಕಂಪನಿಯಲ್ಲಿಯೂ ಲಕ್ಷಾಂತರ ಪತ್ರಗಳಾದವು. ಅವು ಎಲ್ಲೆಲ್ಲಿವೆ, ಯಾರು ಹುಡುಕಬೇಕು, ಖರ್ಚು ಯಾರದು, ಅಳಿಸಿದರೆ ಏನು ಗತಿ ಎಂಬ ಪ್ರಶ್ನೆಗಳು ಎದ್ದವು. ಇವಕ್ಕೆ ಸ್ಪಷ್ಟವಾದ ಉತ್ತರಗಳು ದೊರೆತದ್ದು ಬಹುಮಟ್ಟಿಗೆ ಒಬ್ಬ ಹೆಂಗಸು ಹೂಡಿದ ದಾವೆಯಿಂದ. ಆಕೆಯ ಹೆಸರು ಲಾರಾ ಜುಬುಲೇಕ್.

ಈಕೆ 1999ನೆಯ ಇಸವಿಯಲ್ಲಿ ಯುಬಿಎಸ್ ವಾರ್‌ಬರ್ಗ್ ಎಂಬ ದೊಡ್ಡ ಬ್ಯಾಂಕಿನಲ್ಲಿ, ಏಷ್ಯದ ಷೇರುಗಳನ್ನು ಮಾರುವ ವಿಭಾಗದಲ್ಲಿ ಹಿರಿಯ ಹುದ್ದೆಗೆ ಸೇರಿದರು. ಮೇಲಿನ ಅಧಿಕಾರಿಯ ಸ್ಥಾನ ತೆರವಾದಾಗ ತಮ್ಮ ಹೆಸರನ್ನೂ ಪರಿಗಣಿಸುವರೆಂದು ಆಕೆಗೆ ಹೇಳಲ್ಪಟ್ಟಿತ್ತು. ಸ್ಥಾನ ತೆರವಾಯಿತು, ಬೇರೊಬ್ಬ ಗಂಡಸನ್ನು ನೇಮಿಸಿದರು. ಆತನು ತಮ್ಮನ್ನು ಸಹೋದ್ಯೋಗಿಗಳ ಮುಂದೆ ಹೀಯಾಳಿಸಿ, ಹೆಂಗಸೆಂಬ ಕಾರಣದಿಂದ ಬೇರೆಯಾಗಿ ನಡೆಸುತ್ತಾನೆಂದು ಆಕೆ ದೂರಿದರು. 2001ನೆಯ ಇಸವಿಯ ಆಗಸ್ಟ್ 16ನೆಯ ತಾರೀಖು ಸಮಾನ ಉದ್ಯೋಗಾವಕಾಶದ ಸರಕಾರೀ ಆಯೋಗಕ್ಕೆ ಫಿರ್ಯಾದು ಕೊಟ್ಟರು. ಅಕ್ಟೋಬರಿನಲ್ಲಿ ಆಕೆಯನ್ನು ಕೆಲಸದಿಂದ ತೆಗೆದುಹಾಕಿದರು. 2002ನೆಯ ಇಸವಿಯ ಫೆಬ್ರವರಿಯಲ್ಲಿ ಆಕೆ ನ್ಯೂಯಾರ್ಕಿನ ಫೆಡರಲ್ ನ್ಯಾಯಸ್ಥಾನದಲ್ಲಿ ದಾವೆ ಹೂಡಿದರು.

ತಮ್ಮ ವಿಷಯವಾಗಿ ಅಧಿಕಾರಿಗಳು ತಮ್ಮತಮ್ಮೊಳಗೆ ಬರೆದುಕೊಂಡ ಇ-ಮೇಲ್ ಪತ್ರಗಳನ್ನೆಲ್ಲ ಕೊಡಬೇಕೆಂದು ಆಕೆ ಕೇಳಿದರು. ಬ್ಯಾಂಕಿನವರು ಸುಮಾರು ನೂರು ಪುಟಗಳಷ್ಟು ಇ-ಮೇಲನ್ನು ಕೊಟ್ಟು, ಇರುವುದು ಇಷ್ಟೇ ಎಂದರು. ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಸಂಗತಿ ಒಂದುಂಟು. ಆಕೆ ತಾವೇ ಸುಮಾರು 450 ಪುಟಗಳಷ್ಟು ಇ-ಮೇಲನ್ನು ಇಟ್ಟುಕೊಂಡಿದ್ದರು! ಬ್ಯಾಂಕಿನವರ ನೂರು ಪುಟವೆಲ್ಲಿ, ಈಕೆಯ 450 ಪುಟವೆಲ್ಲಿ? ಆಕೆ ಹಾಜರುಮಾಡಿದ ಪತ್ರಗಳಲ್ಲಿ ಒಂದು, ಆಯೋಗಕ್ಕೆ ಫಿರ್ಯಾದು ಹೋದ ಐದು ದಿವಸಗಳ ಮೇಲೆ ಬರೆದದ್ದು, ಆಕೆಯನ್ನು ಆದಷ್ಟು ಬೇಗ ತೆಗೆಯಬೇಕೆಂದೂ, ಹಾಗಾದರೆ ವರ್ಷಾಂತ್ಯದ ಬೋನಸು ಕೊಡಬೇಕಾಗಿ ಬಾರದೆಂದೂ ಸೂಚಿಸುತ್ತಿತ್ತು. ತಮ್ಮ ಬಳಿಯಲ್ಲಿ ಆ ಕಟ್ಟು ಇಲ್ಲದಿದ್ದರೆ, ಎದುರು ಪಕ್ಷದವರು ಕೊಟ್ಟದ್ದು ಪೂರ್ಣವಲ್ಲವೆಂದು ಆಕೆ ಹೇಗೆ ತೋರಿಸಬಹುದಾಗಿತ್ತು?

ಕಂಪ್ಯೂಟರಿನಲ್ಲಿ ಅಳಿಸಿದ ಪತ್ರಗಳು ಬ್ಯಾಂಕಿನ ಬ್ಯಾಕಪ್ ಟೇಪುಗಳಲ್ಲಿ ಉಳಿದಿದ್ದವು. ಬೆಂಕಿ ಬಿದ್ದರೂ ಯಂತ್ರ ಕೆಟ್ಟರೂ ಲೆಕ್ಕಪತ್ರಗಳು ನಾಶವಾಗದಂತೆ, ದೊಡ್ಡ ಕಚೇರಿಗಳವರು ಗೊತ್ತಾದ ಕಾಲಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ಪ್ರತಿಮಾಡಿ ಬೇರೆ ಕಡೆ ಇಡುವರು. ಈ ವ್ಯಾಜ್ಯಕ್ಕೆ ಸಂಬಂಧಿಸಿದವು 94 ಎಂದು ಮೊದಲು ಎಣಿಕೆಯಾಯಿತು. ಅವುಗಳನ್ನು ಬಿಡಿಸಿ ಓದುವುದು ವಿಪರೀತ ವೆಚ್ಚದ ಕೆಲಸ, ಲಕ್ಷಾಂತರ ಡಾಲರು ಬೇಕು, ಕೇಳಿದವರೇ ಕೊಡಲಿ ಎಂಬುದು ಬ್ಯಾಂಕಿನ ವಾದ. ವಿಚಾರಣೆ ನಡೆಸುತ್ತಿದ್ದವರು ಶೀರಾ ಶೈಂಡ್ಲಿನ್ ಎಂಬ ಮಹಿಳಾ ನ್ಯಾಯಾಧೀಶರು. 2003ನೆಯ ಇಸವಿಯ ಮೇ ತಿಂಗಳಲ್ಲಿ ಅವರು ಮಾಡಿದ ಆಜ್ಞೆ ಬಹಳ ಸರಳವಾದುದು: ವಾದಿಯು ಆರಿಸಿದ ಐದು ಟೇಪುಗಳನ್ನು ಮೊದಲು ಬ್ಯಾಂಕೇ ತನ್ನ ಖರ್ಚಿನಿಂದ ಬಿಡಿಸಲಿ, ಅವುಗಳಲ್ಲಿ ಏನು ಸಿಕ್ಕುತ್ತದೆಂದು ನೋಡಿ ಮಿಕ್ಕವುಗಳ ಖರ್ಚಿನ ಮಾತನಾಡೋಣ. ಅನ್ನ ಬೆಂದಿದೆಯೇ ಎಂದು ತಿಳಿಯುವುದಕ್ಕೆ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಅಡಿಗೆಮನೆಯಲ್ಲಿ ಹಳೆಯ ಮಾತು. ದೊಡ್ಡ ನ್ಯಾಯಸ್ಥಾನದಲ್ಲಿಯೂ ಅದೇ ಯುಕ್ತಿ ನಡೆಯಿತು. ಐದು ಟೇಪುಗಳಿಂದ ವ್ಯಾಜ್ಯಕ್ಕೆ ಸಂಬಂಧಪಟ್ಟ ಪತ್ರಗಳು ನೂರುಗಟ್ಟಲೆಯಾಗಿ ಹೊರಬಂದವು. ಜುಲೈ ತಿಂಗಳಲ್ಲಿ ಅವರು, ಉಳಿದ ಟೇಪುಗಳನ್ನು ಬಿಡಿಸುವ ಖರ್ಚಿನಲ್ಲಿ ನೂರಕ್ಕೆ 75 ಭಾಗ ಬ್ಯಾಂಕೂ 25 ಭಾಗ ವಾದಿಯೂ ಹೊರಬೇಕು, ಬಿಡಿಸಿದ್ದನ್ನು ಓದಿ ವಿಂಗಡಿಸುವ ವೆಚ್ಚವೆಲ್ಲ ಬ್ಯಾಂಕಿನದೇ ಎಂದು ತೀರ್ಮಾನಿಸಿದರು.

ಟೇಪುಗಳನ್ನು ಬಿಡಿಸುತ್ತ ಹೋದಂತೆ ಕೆಲವು ಟೇಪುಗಳೇ ಇಲ್ಲವೆಂಬುದು ಬೆಳಕಿಗೆ ಬಂತು. ಅದಕ್ಕಿಂತಲೂ ಕೆಟ್ಟ ಸಂಗತಿಯೆಂದರೆ, ಪತ್ರಗಳನ್ನು ನಾಶಮಾಡಕೂಡದೆಂದು ವಕೀಲರು ಎಚ್ಚರಿಸಿದ ಮೇಲೆಯೂ ಕೆಲವು ನೌಕರರು ಅಳಿಸಿದ್ದರು. ನ್ಯಾಯಾಧೀಶರು ಅದೇ ವರ್ಷದ ಅಕ್ಟೋಬರಿನಲ್ಲಿ ಕೊಟ್ಟ ನಿರ್ಣಯದಲ್ಲಿ ಒಂದು ಮುಖ್ಯವಾದ ತತ್ತ್ವವನ್ನು ಹೇಳಿದರು. ಪತ್ರಗಳನ್ನು ಕಾಯ್ದಿಡುವ ಹೊಣೆ ಹುಟ್ಟುವುದು ದಾವೆ ದಾಖಲಾದ ದಿವಸವಲ್ಲ. ದಾವೆ ಬರಬಹುದೆಂದು ಒಬ್ಬನಿಗೆ ನ್ಯಾಯವಾಗಿ ತೋರಿದ ದಿವಸದಿಂದಲೇ. ಈ ವ್ಯಾಜ್ಯದಲ್ಲಿ ಅದು 2001ನೆಯ ಇಸವಿಯ ಏಪ್ರಿಲಿನಷ್ಟು ಹಿಂದಕ್ಕೆ ಹೋಯಿತು. ಯಾಕಂದರೆ ಆಗಲೇ ಅಧಿಕಾರಿಗಳು ಆಕೆಯ ವಿಷಯದ ಪತ್ರಗಳಿಗೆ, ವಕೀಲರೊಂದಿಗೆ ನಡೆಯುವ ಗುಪ್ತವ್ಯವಹಾರವೆಂದು ತಲೆಬರೆಹ ಹಾಕಲಾರಂಭಿಸಿದ್ದರು. ಬಚ್ಚಿಡುವುದಕ್ಕೆ ಹಾಕಿದ ತಲೆಬರೆಹವೇ, ದಾವೆ ಬರುವುದನ್ನು ಅವರು ಮುಂಚಿತವಾಗಿ ತಿಳಿದಿದ್ದರೆಂಬುದಕ್ಕೆ ಸಾಕ್ಷಿಯಾಯಿತು.

2004ನೆಯ ಇಸವಿಯ ಜುಲೈ 20ರ ನಿರ್ಣಯದಲ್ಲಿ ನ್ಯಾಯಾಧೀಶರು ವಕೀಲರನ್ನೂ ಬಿಡಲಿಲ್ಲ. ಪತ್ರಗಳನ್ನು ಉಳಿಸಿರಿ ಎಂದು ಒಂದು ಸಲ ಹೇಳಿ ಸುಮ್ಮನಾಗುವುದು ಸಾಲದು. ಯಾರ ಬಳಿ ಏನಿದೆಯೆಂದು ಒಬ್ಬೊಬ್ಬರನ್ನು ವಿಚಾರಿಸಬೇಕು, ಆಜ್ಞೆ ನಡೆಯುತ್ತಿದೆಯೇ ಎಂದು ನೋಡುತ್ತಿರಬೇಕು ಎಂದು ವಿಧಿಸಿದರು. (ಉಪಾಧ್ಯಾಯಿನಿಯರಿಗೆ ಇದು ಹೊಸ ಪಾಠವಲ್ಲ, ಮನೆಪಾಠವನ್ನು ಬರೆಯಿರಿ ಎಂದು ಹೇಳುವುದು ಬೇರೆ, ಪುಸ್ತಕ ತೆರೆಸಿ ನೋಡುವುದು ಬೇರೆ.) ಕಡೆಗೆ, ನಾಶವಾದ ಪತ್ರಗಳು ಬ್ಯಾಂಕಿಗೆ ಪ್ರತಿಕೂಲವಾಗಿದ್ದವೆಂದು ಊಹಿಸಲು ಜ್ಯೂರಿಯವರಿಗೆ ಅಧಿಕಾರವುಂಟೆಂದು ಅವರಿಗೆ ತಿಳಿಸಲಾಗುವುದೆಂದು ಆಜ್ಞಾಪಿಸಿದರು. 2005ನೆಯ ಇಸವಿಯ ಏಪ್ರಿಲಿನಲ್ಲಿ ಜ್ಯೂರಿಯವರು ಆಕೆಗೆ 2 ಕೋಟಿ 90 ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು ಕೊಡಿಸಿದರು; ಅದರಲ್ಲಿ 2 ಕೋಟಿಗೂ ಹೆಚ್ಚು ಶಿಕ್ಷಾರೂಪವಾದ ಪರಿಹಾರ. ಓದಬಹುದಾಗಿದ್ದ ಪತ್ರದಲ್ಲಿ ಏನಿತ್ತೋ ಏನೋ; ಅದು ಇಲ್ಲದಿದ್ದುದೇ ಬ್ಯಾಂಕಿಗೆ ಹೆಚ್ಚು ಹಾನಿ ಮಾಡಿತೆಂದು ನಮಗೆ ತೋರುತ್ತದೆ.

2006ನೆಯ ಇಸವಿಯ ಡಿಸೆಂಬರ್ 1ರಿಂದ ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಲ್ಲಿ, ವಿದ್ಯುನ್ಮಾನ ರೂಪದಲ್ಲಿ ಇಟ್ಟ ಮಾಹಿತಿಯೆಂಬ ಮಾತೇ ಸೇರಿತು. 2015ನೆಯ ಇಸವಿಯಲ್ಲಿ ನಿಯಮವನ್ನು ಪುನಃ ತಿದ್ದಿ, ಎದುರು ಪಕ್ಷಕ್ಕೆ ಸಿಕ್ಕಬಾರದೆಂಬ ಉದ್ದೇಶದಿಂದಲೇ ನಾಶಮಾಡಿದರೆಂದು ಸಿದ್ಧವಾದರೆ ಮಾತ್ರ ಅಂಥ ಪ್ರತಿಕೂಲವಾದ ಊಹೆಗೆ ಅವಕಾಶವೆಂದು ಮಾಡಿದರು. ಬರಿಯ ಅಜಾಗ್ರತೆಗೆ ಅಷ್ಟು ದೊಡ್ಡ ದಂಡನೆ ಈಗ ಇಲ್ಲ. ಇದು ಬಡ ವಾದಿಗೆ ಅನುಕೂಲವೋ ಪ್ರತಿಕೂಲವೋ ಎಂಬುದರಲ್ಲಿ ನಮಗೆ ಸಂಶಯವುಂಟು. ಒಬ್ಬನ ಮನಸ್ಸಿನಲ್ಲಿದ್ದ ಉದ್ದೇಶವನ್ನು, ಅವನು ಪತ್ರಗಳನ್ನೇ ಅಳಿಸಿದ ಮೇಲೆ, ಯಾವುದರಿಂದ ತೋರಿಸಬೇಕು?

ಉಳಿದ ಪತ್ರಗಳಲ್ಲಿ ಬೇಕಾದುದನ್ನು ಹುಡುಕುವುದೂ ಸುಲಭವಲ್ಲ. ಬ್ಲೇರ್ ಮತ್ತು ಮ್ಯಾರನ್ ಎಂಬಿಬ್ಬರು ವಿದ್ವಾಂಸರು 1985ನೆಯ ಇಸವಿಯಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ದೊಡ್ಡ ವ್ಯಾಜ್ಯದ ಸುಮಾರು 40,000 ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿ, ವಕೀಲರು ಪದಗಳನ್ನು ಕೊಟ್ಟು ಹುಡುಕಿಸಿದರು. ಸಂಬಂಧಪಟ್ಟವುಗಳಲ್ಲಿ ನೂರಕ್ಕೆ 75ರಷ್ಟು ಸಿಕ್ಕಿವೆಯೆಂದು ವಕೀಲರು ನಂಬಿದ್ದರು. ನಿಜವಾಗಿ ಸಿಕ್ಕಿದ್ದು ಸುಮಾರು 20 ಮಾತ್ರ. ಕಾರಣವೇನೆಂದರೆ, ಒಬ್ಬನು ಅಪಘಾತವೆಂದು ಬರೆದುದನ್ನು ಮತ್ತೊಬ್ಬನು ಘಟನೆಯೆಂದೂ, ಇನ್ನೊಬ್ಬನು ದುರದೃಷ್ಟದ ಸಂದರ್ಭವೆಂದೂ, ಮಗದೊಬ್ಬನು ತೊಂದರೆಯೆಂದೂ ಬರೆದಿದ್ದನು. ತಪ್ಪು ಮಾಡಿದವನು ತನ್ನ ತಪ್ಪನ್ನು ಅದರ ಹೆಸರಿನಿಂದ ಕರೆಯುವುದುಂಟೇ? ಯಂತ್ರವಾದರೋ ಕೊಟ್ಟ ಪದವನ್ನೇ ಹುಡುಕುವುದು.

ಇದಕ್ಕೆ ಪರಿಹಾರವಾಗಿ ಬಂದ ವಿಧಾನವನ್ನು ಅಮೆರಿಕದ ನ್ಯಾಯಸ್ಥಾನವೊಂದು ಮೊದಲು ಒಪ್ಪಿದ್ದು 2012ನೆಯ ಇಸವಿಯ ಫೆಬ್ರವರಿಯಲ್ಲಿ, ಮತ್ತೂ ಹೆಂಗಸರು ಹೂಡಿದ ದಾವೆಯಲ್ಲಿಯೇ. ಡಾ ಸಿಲ್ವಾ ಮೂರ್ ಎಂಬವರೂ ಇತರರೂ ಪಬ್ಲಿಸಿಸ್ ಎಂಬ ಜಾಹೀರಾತಿನ ಕಂಪನಿಯ ಮೇಲೆ, ಹೆಂಗಸರೆಂದು ತಮಗೆ ಭೇದ ಮಾಡಿದರೆಂದು ದೂರಿದ್ದರು. ನೋಡಬೇಕಾದ ಇ-ಮೇಲುಗಳು ಸುಮಾರು 30 ಲಕ್ಷ. ಅನುಭವಿಯಾದ ವಕೀಲನು ಕೆಲವು ಸಾವಿರ ಪತ್ರಗಳನ್ನು ಓದಿ ಇದು ಬೇಕು, ಇದು ಬೇಡ ಎಂದು ಗುರುತು ಹಾಕುವನು. ಯಂತ್ರವು ಅದನ್ನು ನೋಡಿ ಕಲಿತು ಮಿಕ್ಕವನ್ನೆಲ್ಲ ಸಂಬಂಧದ ಕ್ರಮದಲ್ಲಿ ಜೋಡಿಸುವುದು. ನ್ಯಾಯಾಧೀಶ ಆಂಡ್ರ್ಯೂ ಪೆಕ್ ಇದನ್ನು ಅನುಮತಿಸಿದರು. ಇಂಥ ಪತ್ರಗಳನ್ನು ಓದಿ ವಿಂಗಡಿಸುವ ಕೆಲಸ ಈಗ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕುಳಿತು ಸಮುದ್ರದಾಚೆಯ ವ್ಯಾಜ್ಯಗಳ ಪತ್ರಗಳನ್ನು ದಿನಕ್ಕೆ ನೂರಾರು ಓದುತ್ತಾಳೆ. ಈ ಲೇಖನಕ್ಕೆ ಅವಳ ಸಹಾಯ ಬಹಳ.

ಅಳಿಸಿದ್ದು ಎಲ್ಲಿಗೆ ಹೋಗುತ್ತದೆಂಬುದನ್ನು ನಮಗೆ ತಿಳಿಯುವಂತೆ ಹೇಳಿದವಳೂ ಅವಳೇ. ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಪತ್ರವನ್ನು ಅಳಿಸಿದಾಗ ಯಂತ್ರವು ಹರಿದುಹಾಕುವುದು ಪುಟವನ್ನಲ್ಲ, ಪರಿವಿಡಿಯಲ್ಲಿನ ಸಾಲನ್ನು. ಆ ಸ್ಥಳದಲ್ಲಿ ಹೊಸ ಬರೆಹ ಬರುವ ತನಕ ಹಳೆಯದು ಅಲ್ಲಿಯೇ ಇರುವುದು. ನಿಪುಣರು ಅದನ್ನು ಎತ್ತಬಲ್ಲರು. ಆದರೆ ಇದನ್ನೇ ನೆಚ್ಚಿಕೊಂಡಿರಬಾರದು. ಈಚಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿರುವುದರಿಂದ, ಒಮ್ಮೆ ಅಳಿಸಿದ್ದನ್ನು ಮರಳಿ ಪಡೆಯುವುದು ಅನೇಕ ವೇಳೆ ಆಗದ ಕೆಲಸ. ಆಗ ಉಳಿಯುವುದು ಬೇರೆ ಕಡೆಯ ಪ್ರತಿಗಳು: ಕಳುಹಿಸಿದವನ ಫೋನು, ಕಚೇರಿಯ ಕಂಪ್ಯೂಟರು, ಬ್ಯಾಕಪ್ಪು. ಇದಲ್ಲದೆ ಪ್ರತಿಯೊಂದು ಪತ್ರಕ್ಕೂ ಅಂಚೆಯ ಮುದ್ರೆಯಂತೆ ಕಾಣದ ಗುರುತುಗಳುಂಟು. ಯಾರಿಂದ, ಯಾವ ಗಳಿಗೆಯಲ್ಲಿ, ಯಾವ ದಾರಿಯಿಂದ ಬಂತೆಂಬುದು ಅದರಲ್ಲಿರುವುದು. ಫೋನಿನ ಪರದೆಯ ಚಿತ್ರವನ್ನು ಮಾತ್ರ ತೆಗೆದಿಟ್ಟರೆ ಬರೆಹ ಉಳಿಯುತ್ತದೆ, ಮುದ್ರೆ ಹೋಗುತ್ತದೆ.

ನಮ್ಮ ದೇಶದ ಕಾನೂನು ಈ ಮುದ್ರೆಯ ವಿಷಯದಲ್ಲಿ ಕಟ್ಟುನಿಟ್ಟು. 1872ನೆಯ ಇಸವಿಯ ಸಾಕ್ಷ್ಯ ಅಧಿನಿಯಮಕ್ಕೆ 2000ದ ಅಕ್ಟೋಬರಿನಿಂದ 65ಬಿ ಎಂಬ ಪ್ರಕರಣ ಸೇರಿತು. ಕಂಪ್ಯೂಟರಿನಿಂದ ತೆಗೆದ ಪ್ರತಿಗೆ ಸರ್ಟಿಫಿಕೇಟು ಬೇಕೆಂದಿತು. 2014ನೆಯ ಇಸವಿಯಲ್ಲಿ, ಕೇರಳದ ಚುನಾವಣೆಯೊಂದರ ವ್ಯಾಜ್ಯದಲ್ಲಿ, ಅನ್ವರ್ ಎಂಬವರು ತಂದ ಸಿ.ಡಿ.ಗಳಿಗೆ ಸರ್ಟಿಫಿಕೇಟು ಇಲ್ಲವೆಂದು ಸುಪ್ರೀಂ ಕೋರ್ಟು ಅವುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. ಹಾಗಾದರೆ ದಾಖಲೆ ಬೇರೆಯವರ ಕೈಯಲ್ಲಿದ್ದು, ಅವರು ಸರ್ಟಿಫಿಕೇಟು ಕೊಡುವುದಿಲ್ಲವೆಂದರೆ? 2020ನೆಯ ಇಸವಿಯ ಜುಲೈಯಲ್ಲಿ ಮಹಾರಾಷ್ಟ್ರದ ಅರ್ಜುನ ಪಂಡಿತರಾವ್ ಖೋತಕರರ ವ್ಯಾಜ್ಯದಲ್ಲಿ ಅದೇ ಕೋರ್ಟು, ಸರ್ಟಿಫಿಕೇಟು ಕಡ್ಡಾಯವೇ ಎಂದು ಮತ್ತೆ ಹೇಳಿ, ಆದರೆ ಕೇಳಬೇಕಾದವರನ್ನೆಲ್ಲ ಕೇಳಿ, ನ್ಯಾಯಸ್ಥಾನದ ಮೂಲಕವೂ ಪ್ರಯತ್ನಿಸಿ, ಆದರೂ ದೊರೆಯದವನನ್ನು ಅಸಾಧ್ಯವಾದುದಕ್ಕಾಗಿ ದಂಡಿಸಲಾಗದೆಂದಿತು. ಮೂಲ ಯಂತ್ರವನ್ನೇ ಅದರ ಒಡೆಯನು ತಂದು ಸಾಕ್ಷಿ ನುಡಿದರೆ ಸರ್ಟಿಫಿಕೇಟು ಬೇಡವೆಂದೂ ಹೇಳಿತು. 2024ನೆಯ ಇಸವಿಯ ಜುಲೈ 1ರಿಂದ ಹಳೆಯ ಅಧಿನಿಯಮವು ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿದೆ; ಅದರ 63ನೆಯ ಪ್ರಕರಣದ ಸರ್ಟಿಫಿಕೇಟಿನಲ್ಲಿ ಎರಡು ಭಾಗಗಳು. ಮೊದಲನೆಯದಕ್ಕೆ ದಾಖಲೆಯನ್ನು ಹಾಜರುಪಡಿಸುವವರೂ ಎರಡನೆಯದಕ್ಕೆ ತಜ್ಞರೂ ರುಜು ಹಾಕಬೇಕು, ಮತ್ತು ಹ್ಯಾಷ್ ಮೌಲ್ಯವನ್ನು ಬರೆಯಬೇಕು.

ಹ್ಯಾಷ್ ಎಂದರೆ ದಾಖಲೆಯ ಹೆಬ್ಬೆರಳ ಗುರುತು ಎನ್ನಬಹುದು. ಒಂದು ಗೊತ್ತಾದ ಗಣಿತದ ವಿಧಿಯಿಂದ ಯಂತ್ರವು ಇಡೀ ದಾಖಲೆಯನ್ನು, ಅದು ಒಂದು ಸಾಲಾಗಲಿ ಸಾವಿರ ಪುಟವಾಗಲಿ, ಗೊತ್ತಾದಷ್ಟೇ ಉದ್ದದ ಒಂದು ಗುರುತಾಗಿ ಮಾಡುವುದು. ಒಂದು ವಿಧಿಯಲ್ಲಿ ಅದು 64 ಅಂಕೆ ಮತ್ತು ಅಕ್ಷರಗಳು. ದಾಖಲೆಯಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರಾ ಬೇರೆಯಾಗುವುದು. ನಾವು ಶಾಲೆಯ ಕಂಪ್ಯೂಟರಿನಲ್ಲಿ ಇದನ್ನು ಮಾಡಿ ನೋಡಿದೆವು. ಒಂದು ಅಂಕಪಟ್ಟಿಯಲ್ಲಿ 35 ಎಂಬುದನ್ನು 36 ಮಾಡಿದ ಕೂಡಲೇ ಆ ಸಾಲೆಲ್ಲ ಗುರುತು ಸಿಕ್ಕದಂತೆ ಬದಲಾಯಿತು. ಕೆಂಪು ಶಾಯಿಗೆ ಇಂದಿನ ಪ್ರತಿನಿಧಿ ಇದೇ.

ನಮ್ಮನ್ನು ಪ್ರಶ್ನಿಸಿದ ಆ ಹುಡುಗಿಗೆ ಉತ್ತರ ಹೇಳಲು ನಮಗೆ ತಡವಾಯಿತು. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಕಿರುಕುಳವನ್ನು ಕುರಿತ 2013ನೆಯ ಇಸವಿಯ ಅಧಿನಿಯಮದ ಮೇರೆಗೆ ದೂರನ್ನು ಕಡೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳ ತನಕ ಅವಧಿ ಕೊಡಬಹುದು. ಆ ಸಮಿತಿಗೆ ದಾಖಲೆಗಳನ್ನು ಹೊರಗೆಡಹಿಸಿ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರವೇ ಉಂಟು. ಡಿಸ್ಕವರಿ ಎಂಬ ಮಾತೇ ಹನ್ನೊಂದನೆಯ ಪ್ರಕರಣದಲ್ಲಿದೆ. ಆದಕಾರಣ ತನ್ನ ಕೈಯಲ್ಲಿ ಉಳಿಯದಿದ್ದುದನ್ನು ಕಳುಹಿಸಿದವನ ಫೋನಿನಿಂದಲೂ ಕಚೇರಿಯ ಕಂಪ್ಯೂಟರಿನಿಂದಲೂ ತರಿಸಿರೆಂದು ಅವಳು ಕೇಳಬಹುದಾಗಿತ್ತು. ಆ ಹಕ್ಕನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಲಿಲ್ಲ. ಈಗ ಅವಳು ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಳೆ. ತಾಯಂದಿರಲ್ಲಿ ನಮ್ಮದೊಂದು ಬಿನ್ನಹ: ಮಗಳ ಫೋನಿನಲ್ಲಿ ಅಂಥದು ಕಣ್ಣಿಗೆ ಬಿದ್ದರೆ ಅಳಿಸೆಂದು ಗದರಿಸಬೇಡಿರಿ, ಅದು ಬಂದ ಫೋನನ್ನು ಹಾಗೆಯೇ ಇಟ್ಟುಕೊಂಡು ವಕೀಲರನ್ನು ಕೇಳಿರಿ.

ಕಳೆದ ಬೇಸಿಗೆಯಲ್ಲಿ ನಮ್ಮ ಅಡ್ಮಿಷನ್ ರಿಜಿಸ್ಟರನ್ನೂ ಕಂಪ್ಯೂಟರಿಗೆ ಸೇರಿಸಿದ್ದಾಯಿತು. ಇನ್ನು ಮುಂದೆ ಸಮನ್ಸು ಬಂದರೆ ಸರ್ಟಿಫಿಕೇಟಿನ ಮೊದಲನೆಯ ಭಾಗಕ್ಕೆ ಯಾರು ರುಜು ಹಾಕಬೇಕೆಂದು ಗುಮಾಸ್ತರು ಕೇಳಿದರು. ನಾವೇ ಹಾಕಬೇಕೆಂದೂ, ಆದಕಾರಣ ಯಾವ ಸಾಲನ್ನು ಯಾರು ಎಂದು ತಿದ್ದಿದರೆಂಬುದು ಯಂತ್ರದಲ್ಲಿ ಉಳಿಯುವಂತೆ ಏರ್ಪಡಿಸಬೇಕೆಂದೂ ಹೇಳಿದೆವು. ಹಳೆಯ ಪುಸ್ತಕಗಳನ್ನು ಬೀರುವಿನಿಂದ ತೆಗೆಯಿಸಲಿಲ್ಲ.